ಕೂಲಿಯಿಲ್ಲದ ಕೆಲಸದಲ್ಲಿ ಕೊನೆಯ ಮಾತು ಯಾರದು?

ನಮ್ಮ ಕಾಲೇಜಿನ ಗಣಕ ಕೊಠಡಿಯಲ್ಲಿ ಒಳಗಿನ ಸಾಲಿನ ಯಂತ್ರಗಳು ಹಳೆಯವು. ಬಾಗಿಲ ಕಡೆಯವು ಈಚೆಗೆ ಬಂದುವು. ಎರಡು ಸಾಲಿನಲ್ಲಿಯೂ ಇರುವುದು ಉಬುಂಟು ಎಂಬ ಒಂದೇ ವ್ಯವಸ್ಥೆ. ಆದರೂ ಹಳೆಯ ಯಂತ್ರದಲ್ಲಿ ತೆರೆದ ಪುಟವನ್ನು ಮುಚ್ಚಬೇಕಾದರೆ ಅದರ ಎಡತುದಿಯ ಗುಂಡಿಯನ್ನು ಒತ್ತಬೇಕು. ಹೊಸ ಯಂತ್ರದಲ್ಲಿ ಬಲತುದಿಯ ಗುಂಡಿಯನ್ನು. ಎರಡು ವರ್ಷ ಈ ಎಡಬಲಗಳ ನಡುವೆ ಕೈ ತಡವರಿಸಿದ ಮೇಲೆ, ಇದನ್ನು ಹೀಗೆ ಇಡಬೇಕೆಂದು ಹೇಳಿದವರು ಯಾರು, ಮತ್ತೆ ಹಾಗೆ ಬೇಡವೆಂದವರು ಯಾರು ಎಂದು ತಿಳಿಯುವ ಕುತೂಹಲ ನನಗೆ ಹುಟ್ಟಿತು. ಹುಡುಕುತ್ತ ಹೋದಂತೆ, ನಾವು ರಾಜ್ಯಶಾಸ್ತ್ರದ ತರಗತಿಯಲ್ಲಿ ಓದುವ ಪ್ರಶ್ನೆಯೊಂದೇ ಅಲ್ಲಿಯೂ ಕುಳಿತಿರುವುದನ್ನು ಕಂಡು ಆಶ್ಚರ್ಯವಾಯಿತು. ಹತ್ತು ಜನ ಕೂಡಿ ಮಾಡುವ ಕೆಲಸದಲ್ಲಿ, ಅದೂ ಯಾರಿಗೂ ಸಂಬಳವಿಲ್ಲದ ಕೆಲಸದಲ್ಲಿ, ಕೊನೆಯ ಮಾತು ಯಾರದು ಎಂಬುದೇ ಆ ಪ್ರಶ್ನೆ.

ಮುಕ್ತ ತಂತ್ರಾಂಶವೆಂದರೇನೆಂಬುದನ್ನು ಮೊದಲು ಹೇಳಿಬಿಡುವುದು ಮೇಲು. ಗಣಕಕ್ಕೆ ಕೆಲಸ ಹೇಳುವ ಬರಹವನ್ನು ಮನುಷ್ಯರು ಬರೆಯುತ್ತಾರೆ. ಅದಕ್ಕೆ ಸೋರ್ಸ್ ಕೋಡ್ ಎಂದು ಹೆಸರು. ಸಾಮಾನ್ಯವಾಗಿ ಕಂಪನಿಗಳು ಈ ಮೂಲ ಬರಹವನ್ನು ಬಚ್ಚಿಟ್ಟುಕೊಂಡು, ಯಂತ್ರಕ್ಕೆ ಮಾತ್ರ ಅರ್ಥವಾಗುವ ರೂಪವನ್ನು ನಮಗೆ ಮಾರುತ್ತವೆ. ಅಡಿಗೆಯನ್ನು ಬಡಿಸಿ ಅದನ್ನು ಮಾಡುವ ಬಗೆಯನ್ನು ಹೇಳದ ಹೋಟೆಲಿನವರ ಹಾಗೆ. ಅಮೆರಿಕದ ರಿಚರ್ಡ್ ಸ್ಟಾಲ್ಮನ್ ಎಂಬವರು 1983ರಲ್ಲಿ ಇದಕ್ಕೆ ವಿರುದ್ಧವಾದ ಕಾರ್ಯವೊಂದನ್ನು ಸಾರಿದರು. ಮೂಲ ಬರಹವನ್ನು ಯಾರು ಬೇಕಾದರೂ ಓದಬಹುದು, ತಿದ್ದಬಹುದು, ಹಂಚಬಹುದು. ತಿದ್ದಿ ಹಂಚಿದವನು ಮುಂದಿನವನಿಗೂ ಅದೇ ಹಕ್ಕನ್ನು ಕೊಡಬೇಕು. 1989ರಲ್ಲಿ ಇದು ಜಿಪಿಎಲ್ ಎಂಬ ಪರವಾನಗಿಯ ರೂಪವನ್ನು ಪಡೆಯಿತು. 1991ರಲ್ಲಿ ಫಿನ್ಲೆಂಡಿನ ಹೆಲ್ಸಿಂಕಿ ವಿಶ್ವವಿದ್ಯಾನಿಲಯದ ಲೀನಸ್ ಟೋರ್ವಾಲ್ಡ್ಸ್ ಎಂಬ ವಿದ್ಯಾರ್ಥಿ, ನಮಗಿಂತ ಒಂದು ವರ್ಷ ದೊಡ್ಡವನು ಅಷ್ಟೆ, ಲಿನಕ್ಸ್ ಎಂಬ ತಿರುಳನ್ನು ಬರೆದು ಲೋಕದ ಮುಂದಿಟ್ಟನು. ಆಮೇಲೆ ದೇಶದೇಶಗಳಿಂದ ಜನ ಬಂದು ಸೇರಿದರು. ಇವರಲ್ಲಿ ಎಲ್ಲರೂ ಬಿಟ್ಟಿ ದುಡಿಯುವವರೆಂದು ತಿಳಿಯಬಾರದು. ಇಂದು ಲಿನಕ್ಸಿನ ತಿರುಳಿಗಾಗಿ ಕೆಲಸ ಮಾಡುವವರಲ್ಲಿ ಬಹುಮಂದಿ ಯಾವುದಾದರೊಂದು ಕಂಪನಿಯ ಸಂಬಳ ಪಡೆಯುವವರೇ. ಆದರೆ ಸಂಜೆಯ ಹೊತ್ತು ಮನೆಯಲ್ಲಿ ಕುಳಿತು, ಯಾರ ಅಪ್ಪಣೆಯೂ ಇಲ್ಲದೆ, ತಪ್ಪು ಹುಡುಕಿ ತಿದ್ದುವವರೂ ಸಾವಿರಾರು ಮಂದಿ ಇದ್ದಾರೆ. ನನ್ನ ಪ್ರಶ್ನೆ ಇವರನ್ನು ಕುರಿತದ್ದು.

ಇನ್ನು ಗುಂಡಿಯ ಕಥೆಗೆ ಬರೋಣ. ಉಬುಂಟುವನ್ನು ಹುಟ್ಟುಹಾಕಿದವರು ದಕ್ಷಿಣ ಆಫ್ರಿಕದ ಮಾರ್ಕ್ ಷಟಲ್‌ವರ್ತ್ ಅವರು. ಇವರು ಶ್ರೀಮಂತರು, 2002ರಲ್ಲಿ ಸ್ವಂತ ಹಣದಿಂದ ಅಂತರಿಕ್ಷಕ್ಕೆ ಹೋಗಿ ಬಂದವರು. 2004ರಲ್ಲಿ ಕೆನಾನಿಕಲ್ ಎಂಬ ಕಂಪನಿಯನ್ನು ಸ್ಥಾಪಿಸಿ, ಅದೇ ವರ್ಷದ ಅಕ್ಟೋಬರಿನಲ್ಲಿ ಉಬುಂಟುವಿನ ಮೊದಲ ಆವೃತ್ತಿಯನ್ನು ಹೊರತಂದರು. ಉಬುಂಟು ಎಂಬುದು ಆಫ್ರಿಕದ ಮಾತು. ಪರರಲ್ಲಿ ತೋರುವ ಮನುಷ್ಯತ್ವವೆಂದು ಅದರ ಭಾವ. ಈ ಮಹನೀಯರು ತಮ್ಮನ್ನು ತಾವೇ, ತಾನಾಗಿ ನೇಮಿಸಿಕೊಂಡ ಆಜೀವ ಹಿತಚಿಂತಕ ಸರ್ವಾಧಿಕಾರಿ ಎಂದು ಅರ್ಧ ಹಾಸ್ಯಕ್ಕೂ ಅರ್ಧ ನಿಜಕ್ಕೂ ಕರೆದುಕೊಂಡಿದ್ದರು.

2010ರ ಏಪ್ರಿಲಿನಲ್ಲಿ ಬರಲಿದ್ದ ಆವೃತ್ತಿಗೆ ಮಾರ್ಚಿಯಲ್ಲಿ ಹೊಸ ರೂಪ ಕೊಡಲಾಯಿತು. ಅದುವರೆಗಿನ ಕಂದುಬಣ್ಣ ಹೋಯಿತು. ಅದನ್ನು ಯಾರೂ ಅಷ್ಟಾಗಿ ಲಕ್ಷಿಸಲಿಲ್ಲ. ಆದರೆ ಪುಟ ಮುಚ್ಚುವ, ಕುಗ್ಗಿಸುವ, ಹಿಗ್ಗಿಸುವ ಮೂರು ಗುಂಡಿಗಳು ಬಲದಿಂದ ಎಡಕ್ಕೆ ಹೋದುವು. ಪರೀಕ್ಷಾರ್ಥವಾಗಿ ಬಳಸುತ್ತಿದ್ದವರು ಇದನ್ನು ದೋಷವೆಂದು ದೂರು ದಾಖಲಿಸಿದರು. ದೂರಿನ ಕೆಳಗೆ ದೂರು ಬೆಳೆಯಿತು. ಹತ್ತು ವರ್ಷದಿಂದ ಕೈಗೆ ರೂಢಿಯಾದುದನ್ನು ಯಾವ ಕಾರಣವನ್ನೂ ಹೇಳದೆ ಬದಲಾಯಿಸಿದ್ದೇಕೆ, ನಮ್ಮನ್ನು ಯಾರು ಕೇಳಿದರು, ಇದು ನಮ್ಮೆಲ್ಲರ ಸಮುದಾಯವಲ್ಲವೆ ಎಂದು ಜನ ಕೇಳಿದರು. ಷಟಲ್‌ವರ್ತ್ ಅವರು ತಾವೇ ಅಲ್ಲಿಗೆ ಬಂದು ಉತ್ತರ ಕೊಟ್ಟರು. ಅದರ ತಾತ್ಪರ್ಯವಿಷ್ಟು: ಉಬುಂಟುವನ್ನು ನಾವೆಲ್ಲರೂ ಮಾಡುತ್ತೇವೆ, ಆದರೆ ಎಲ್ಲವನ್ನೂ ಎಲ್ಲರೂ ಮಾಡುವುದಿಲ್ಲ. ತಿರುಳಿನ ವಿಷಯವನ್ನು ತಿರುಳಿನ ತಂಡ ನಿರ್ಧರಿಸುತ್ತದೆ, ರಕ್ಷಣೆಯ ವಿಷಯವನ್ನು ರಕ್ಷಣೆಯ ತಂಡ. ಹಾಗೆಯೇ ರೂಪದ ವಿಷಯವನ್ನು ವಿನ್ಯಾಸದ ತಂಡ. ಸಮುದಾಯ ಮುಕ್ತವಾಗಿದೆಯೆಂದ ಮಾತ್ರಕ್ಕೆ ಎಲ್ಲದರಲ್ಲಿಯೂ ಎಲ್ಲರಿಗೂ ಹಕ್ಕಿದೆಯೆಂದಲ್ಲ. ಇದು ಪ್ರಜಾಪ್ರಭುತ್ವವಲ್ಲ, ಒಳ್ಳೆಯ ಸಲಹೆಗೂ ಒಳ್ಳೆಯ ಮಾಹಿತಿಗೂ ಸ್ವಾಗತವುಂಟು, ವಿನ್ಯಾಸಕ್ಕೆ ಓಟು ಹಾಕುವ ಪದ್ಧತಿ ಇಲ್ಲ.

ಇದನ್ನು ಮೊದಲು ಓದಿದಾಗ ನನಗೆ ಸಿಟ್ಟು ಬಂದಿತು. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲು. ದೊಡ್ಡವರು ಕುಳಿತು ತೀರ್ಮಾನ ಮಾಡಿ, ನಿಮ್ಮ ಸಲಹೆ ಇದ್ದರೆ ಹೇಳಿ ಎನ್ನುವ ಮಾತು ನಮ್ಮ ತಂದೆಯವರ ಕಿವಿಗೆ ಹೊಸದಲ್ಲ. ಆದರೆ ಎರಡನೆಯ ಸಲ ಓದಿದಾಗ ಅದರಲ್ಲಿ ತಿರುಳಿದೆಯೆಂದು ತೋರಿತು. ತಿರುಳಿನ ತಂಡದವರು ತೆಗೆದುಕೊಂಡ ನೂರಾರು ನಿರ್ಣಯಗಳನ್ನು ಯಾರೂ ಪ್ರಶ್ನಿಸಲಿಲ್ಲ, ಗುಂಡಿಯನ್ನು ಪ್ರಶ್ನಿಸಿದರು. ಏಕೆಂದರೆ ಗುಂಡಿ ಎಲ್ಲರಿಗೂ ಕಾಣುತ್ತದೆ. ಪಾರ್ಕಿನ್‌ಸನ್ ಎಂಬ ಆಂಗ್ಲ ಲೇಖಕರು 1957ರ ತಮ್ಮ ಪುಸ್ತಕದಲ್ಲಿ ಒಂದು ಸಮಿತಿಯ ಚಿತ್ರವನ್ನು ಕೊಟ್ಟಿದ್ದಾರೆ. ಆ ಸಮಿತಿ ಕೋಟ್ಯಂತರದ ಅಣುಸ್ಥಾವರಕ್ಕೆ ಎರಡು ಮೂರು ನಿಮಿಷಗಳಲ್ಲಿ ಒಪ್ಪಿಗೆ ಕೊಟ್ಟು, ಗುಮಾಸ್ತರ ಸೈಕಲ್ ನಿಲ್ಲಿಸುವ ಚಪ್ಪರದ ಮೇಲೆ ಮುಕ್ಕಾಲು ಗಂಟೆ ಚರ್ಚೆ ಮಾಡುತ್ತದೆ. ಸ್ಥಾವರ ಯಾರಿಗೂ ಅರ್ಥವಾಗದು, ಚಪ್ಪರ ಎಲ್ಲರಿಗೂ ಅರ್ಥವಾಗುತ್ತದೆ. ತಂತ್ರಾಂಶದವರು ಇಂದಿಗೂ ಇಂತಹ ಚರ್ಚೆಗೆ ಆ ಚಪ್ಪರದ ಹೆಸರನ್ನೇ ಹೇಳುತ್ತಾರೆ. ಇದಲ್ಲದೆ, ಒಂದು ಪರದೆಯ ಒಂದೊಂದು ಮೂಲೆಯನ್ನೂ ಒಂದೊಂದು ಬಹುಮತಕ್ಕೆ ಬಿಟ್ಟರೆ ಕೊನೆಗೆ ನಿಲ್ಲುವುದು ಮನೆಯಲ್ಲ, ಬಾಗಿಲು ಕಿಟಕಿಗಳ ರಾಶಿ.

ಹಾಗೆಂದು ಅವರ ಮಾತನ್ನು ಪೂರ್ತಿ ಒಪ್ಪಲು ನನಗೆ ಆಗದು. ನಿರ್ಣಯ ತಂಡದ್ದಾಗಬಹುದು, ಕಾರಣವನ್ನು ಹೇಳುವ ಹೊಣೆ ಅದರೊಂದಿಗೇ ಬರುತ್ತದೆ. ಇಲ್ಲಿ ಕಾರಣ ಮೊದಲು ಬರಲಿಲ್ಲ. ಬಲಗಡೆಯಲ್ಲಿ ಬೇರೆ ಸೂಚಕಗಳನ್ನು ಇಡಲು ಜಾಗ ಬೇಕೆಂಬ ಆಲೋಚನೆಯನ್ನು ಅವರು ಮೇ ತಿಂಗಳಲ್ಲಿ, ಅಂದರೆ ಆವೃತ್ತಿ ಜನರ ಕೈ ಸೇರಿದ ಮೇಲೆ, ವಿವರಿಸಿದರು. ಆ ಸೂಚಕಗಳು ಬರಲೇ ಇಲ್ಲ! ಸಲಹೆಗೆ ಸ್ವಾಗತವೆಂದದ್ದು ಮಾತ್ರ ಸುಳ್ಳಾಗಲಿಲ್ಲ. ಮೊದಲು ಮುಚ್ಚುವ ಗುಂಡಿ ಮೂರರಲ್ಲಿ ಒಳಗಡೆಗಿತ್ತು; ದೂರುಗಳು ಬಂದ ಮೇಲೆ ಅದನ್ನು ತುದಿಗೆ ತಂದರು. ಎಡಗಡೆಯೆಂಬುದು ನಿಂತಿತು, ಎಡಗಡೆಯೊಳಗಿನ ಕ್ರಮ ಬದಲಾಯಿತು.

ಇದಕ್ಕೆ ತೀರ ಬೇರೆಯಾದ ಮನೆಯೊಂದಿದೆ. ಸ್ವಾರಸ್ಯವೆಂದರೆ ಉಬುಂಟು ನಿಂತಿರುವುದೇ ಆ ಮನೆಯ ತಳಪಾಯದ ಮೇಲೆ. ಅದರ ಹೆಸರು ಡೆಬಿಯನ್. 1993ರ ಆಗಸ್ಟಿನಲ್ಲಿ ಇಯಾನ್ ಮರ್ಡಾಕ್ ಎಂಬವರು ಇದನ್ನು ಪ್ರಾರಂಭಿಸಿದರು. ಇದಕ್ಕೆ ಒಡೆಯನಿಲ್ಲ, ಕಂಪನಿಯಿಲ್ಲ. ಸುಮಾರು ಸಾವಿರ ಮಂದಿ ಸದಸ್ಯರಿದ್ದಾರೆ, ಮತ್ತು 1998ರಲ್ಲಿ ಅಂಗೀಕರಿಸಿದ ಒಂದು ಸಂವಿಧಾನವಿದೆ. ತಂತ್ರಾಂಶಕ್ಕೊಂದು ಸಂವಿಧಾನವೆ ಎಂದು ವಾಚಕರು ನಗಬಹುದು, ನಾನೂ ನಕ್ಕೆ. ಆದರೆ ಅದನ್ನು ಓದಿದವರಿಗೆ ನಗೆ ಉಳಿಯುವುದಿಲ್ಲ. ಅದರ ಆರಂಭದಲ್ಲಿಯೇ ಒಂದು ಮಾತಿದೆ: ಈ ಸಂವಿಧಾನದಲ್ಲಿ ಏನೇ ಇದ್ದರೂ ಯಾರ ಮೇಲೂ ಕೆಲಸ ಮಾಡಲೇಬೇಕೆಂಬ ಕಟ್ಟುಪಾಡಿಲ್ಲ. ವಹಿಸಿದ ಕೆಲಸ ಇಷ್ಟವಿಲ್ಲದಿದ್ದರೆ ಬಿಡಬಹುದು. ಕ್ರಮಬದ್ಧವಾಗಿ ಆದ ನಿರ್ಣಯಕ್ಕೆ ವಿರುದ್ಧವಾಗಿ ದುಡಿಯಬಾರದು, ಅಷ್ಟೆ. ಬಿಟ್ಟಿ ದುಡಿಯುವವರ ರಾಜ್ಯಕ್ಕೆ ಇದಕ್ಕಿಂತ ತಕ್ಕ ಮೊದಲ ಮಾತು ಬೇರೆ ಇರಲಾರದು. ಯಾವ ಸರ್ಕಾರವಾದರೂ ಪ್ರಜೆಯಿಂದ ತೆರಿಗೆ ವಸೂಲು ಮಾಡಬಲ್ಲದು. ಇಲ್ಲಿ ವಸೂಲು ಮಾಡುವ ಹಾಗೆಯೇ ಇಲ್ಲ. ಒಬ್ಬನು ತನ್ನ ಪಾಲಿಗೆ ತೆಗೆದುಕೊಂಡ ಕೆಲಸದಲ್ಲಿ ಅವನದೇ ನಿರ್ಣಯ. ಇಬ್ಬರ ಕೆಲಸಗಳು ಒಂದಕ್ಕೊಂದು ಅಡ್ಡ ಬಂದಾಗ ತಾಂತ್ರಿಕ ಸಮಿತಿಯುಂಟು. ಅದಕ್ಕೂ ಮೇಲೆ ಸದಸ್ಯರೆಲ್ಲರ ಮತದಾನವುಂಟು. ಮುಖಂಡನೊಬ್ಬನನ್ನು ವರ್ಷಕ್ಕೊಮ್ಮೆ ಚುನಾಯಿಸುತ್ತಾರೆ.

ಅವರ ಮತದಾನದ ಕ್ರಮವನ್ನು ಕುರಿತು ಸ್ವಲ್ಪ ಹೇಳಬೇಕು. ಫ್ರಾನ್ಸಿನ ಕಾಂಡಾರ್ಸೆ ಎಂಬ ಚಿಂತಕನು 1785ರಲ್ಲಿ ಪ್ರಕಟಿಸಿದ ವಿಚಾರವೇ ಅದರ ಬುಡ. ನಮ್ಮ ತರಗತಿಯ ತೊಂಬತ್ತು ಮಂದಿ ಪ್ರವಾಸಕ್ಕೆ ಹೋಗುವ ಊರನ್ನು ಆರಿಸುವರೆಂದಿಟ್ಟುಕೊಳ್ಳೋಣ. ನಲವತ್ತು ಮಂದಿಗೆ ಮೊದಲು ಹಂಪಿ, ಆಮೇಲೆ ಬೇಲೂರು, ಕೊನೆಗೆ ಜೋಗ. ಮೂವತ್ತು ಮಂದಿಗೆ ಮೊದಲು ಜೋಗ, ಆಮೇಲೆ ಬೇಲೂರು, ಕೊನೆಗೆ ಹಂಪಿ. ಉಳಿದ ಇಪ್ಪತ್ತು ಮಂದಿಗೆ ಮೊದಲು ಬೇಲೂರು, ಆಮೇಲೆ ಜೋಗ, ಕೊನೆಗೆ ಹಂಪಿ. ಸಾಧಾರಣ ಎಣಿಕೆಯಲ್ಲಿ ನಲವತ್ತು ಓಟಿನಿಂದ ಹಂಪಿ ಗೆಲ್ಲುತ್ತದೆ. ಅದನ್ನು ಕೊನೆಗಿಟ್ಟ ಐವತ್ತು ಮಂದಿ ಮುಖ ಸಣ್ಣಗೆ ಮಾಡಿಕೊಂಡು ಬಸ್ಸು ಹತ್ತಬೇಕು. ಕಾಂಡಾರ್ಸೆ ಹೇಳುವುದು, ಎರಡೆರಡು ಊರುಗಳನ್ನು ಎದುರುಬದುರು ನಿಲ್ಲಿಸಿ ನೋಡಿ ಎಂದು. ಬೇಲೂರಿಗೂ ಹಂಪಿಗೂ ನಡುವೆ ಐವತ್ತು ನಲವತ್ತರಂತೆ ಬೇಲೂರು ಗೆಲ್ಲುತ್ತದೆ. ಬೇಲೂರಿಗೂ ಜೋಗಕ್ಕೂ ನಡುವೆ ಅರುವತ್ತು ಮೂವತ್ತರಂತೆ ಮತ್ತೆ ಬೇಲೂರೇ. ಇಪ್ಪತ್ತೇ ಮಂದಿಯ ಮೊದಲ ಆಯ್ಕೆಯಾದರೂ ಯಾರಿಗೂ ಅಸಹ್ಯವಲ್ಲದ್ದು ಅದು. ಮನಸ್ಸು ಮುರಿದರೆ ಎದ್ದು ಹೋಗಬಲ್ಲ ಸ್ವಯಂಸೇವಕರ ಗುಂಪಿಗೆ ಈ ಎಣಿಕೆ ಹೇಳಿ ಮಾಡಿಸಿದಂತಿದೆ.

ಇಷ್ಟೆಲ್ಲ ಇದ್ದೂ ಡೆಬಿಯನ್ನಿನಲ್ಲಿ ಮನಸ್ಸು ಮುರಿಯದೆ ಹೋಗಲಿಲ್ಲ. ಯಂತ್ರವನ್ನು ಚಾಲೂ ಮಾಡಿದಾಗ ಎಲ್ಲಕ್ಕಿಂತ ಮೊದಲು ಎದ್ದು, ಮಿಕ್ಕ ಕಾರ್ಯಕ್ರಮಗಳನ್ನು ಎಬ್ಬಿಸುವ ಒಂದು ಕಾರ್ಯಕ್ರಮವಿರುತ್ತದೆ. ಹಳೆಯದರ ಬದಲಿಗೆ ಯಾವುದನ್ನು ಇಡಬೇಕೆಂಬ ಚರ್ಚೆ ತಿಂಗಳುಗಟ್ಟಲೆ ನಡೆಯಿತು. ಸಿಸ್ಟಮ್‌ಡಿ ಎಂಬುದು ಒಂದು ಕಡೆ. ಕೆನಾನಿಕಲ್ ಕಂಪನಿಯಲ್ಲಿ ಹುಟ್ಟಿದ ಅಪ್‌ಸ್ಟಾರ್ಟ್ ಎಂಬುದು ಇನ್ನೊಂದು ಕಡೆ. 2014ರ ಫೆಬ್ರವರಿಯಲ್ಲಿ ಎಂಟು ಮಂದಿಯ ತಾಂತ್ರಿಕ ಸಮಿತಿ ಓಟು ಹಾಕಿದಾಗ ನಾಲ್ಕು ನಾಲ್ಕಾಗಿ ಸಮವಾಯಿತು. ಅಧ್ಯಕ್ಷರ ನಿರ್ಣಾಯಕ ಮತದಿಂದ ಸಿಸ್ಟಮ್‌ಡಿ ಗೆದ್ದಿತು. ಅದಾದ ಎರಡು ಮೂರು ದಿನಗಳಲ್ಲಿಯೇ ಷಟಲ್‌ವರ್ತ್ ಅವರು, ಉಬುಂಟುವೂ ಡೆಬಿಯನ್ನಿನ ನಿರ್ಣಯವನ್ನೇ ಅನುಸರಿಸುವುದೆಂದು ಪ್ರಕಟಿಸಿದರು. ತಮ್ಮ ಕಂಪನಿಯ ಕೂಸನ್ನು ತಾವೇ ಬಿಟ್ಟುಕೊಟ್ಟರು. ಪ್ರಜಾಪ್ರಭುತ್ವವಲ್ಲವೆಂದು ನಾಲ್ಕು ವರ್ಷದ ಹಿಂದೆ ಹೇಳಿದವರು ಬೇರೊಂದು ಮನೆಯ ಓಟಿಗೆ ಹೀಗೆ ತಲೆಬಾಗಿದ್ದು ಅವರಿಗೆ ಶೋಭೆ ತರುವ ಸಂಗತಿ.

ಆದರೆ ಡೆಬಿಯನ್ನಿನ ಒಳಗೆ ಬೆಂಕಿ ಆರಲಿಲ್ಲ. ಆ ವರ್ಷದ ನವೆಂಬರಿನಲ್ಲಿ ವಿಷಯ ಸದಸ್ಯರೆಲ್ಲರ ಮತಕ್ಕೆ ಬಂದಿತು. ಹಲವು ಸೂಚನೆಗಳಿದ್ದುವು, ಗೆದ್ದದ್ದು ಯಾವುದು ಬಲ್ಲಿರಾ? ಈ ವಿಷಯಕ್ಕೆ ಸಾರ್ವತ್ರಿಕ ನಿರ್ಣಯದ ಅಗತ್ಯವೇ ಇಲ್ಲ ಎಂಬ ಸೂಚನೆ! ಓಟು ಹಾಕಿ ಓಟು ಬೇಡವೆಂದರು. ತಾಂತ್ರಿಕ ಸಮಿತಿಯ ಮೂವರು ಆ ತಿಂಗಳಲ್ಲಿ ಸ್ಥಾನ ಬಿಟ್ಟರು. ಒಪ್ಪದ ಕೆಲವರು ಡೆಬಿಯನ್ನಿನ ಸಮಸ್ತವನ್ನೂ ನಕಲು ಮಾಡಿಕೊಂಡು, ದೇವುಆನ್ ಎಂಬ ಬೇರೆ ಮನೆ ಹೂಡಿದರು. ಅದರ ಮೊದಲ ಸ್ಥಿರ ಆವೃತ್ತಿ ಹೊರಬಂದದ್ದು 2017ರ ಮೇ ತಿಂಗಳಲ್ಲಿ.

ಈ ಬೇರೆ ಮನೆ ಹೂಡುವುದಕ್ಕೆ ಅವರ ಭಾಷೆಯಲ್ಲಿ ಫೋರ್ಕ್ ಎಂದು ಹೆಸರು, ಕವಲು ಎನ್ನಬಹುದು. ನಮ್ಮ ತಂದೆಯವರು ಊರಿನ ಡೇರಿಯ ಸದಸ್ಯರು. ಅಲ್ಲಿ ಸಭೆಯ ನಿರ್ಣಯ ಒಪ್ಪಿಗೆಯಾಗದಿದ್ದರೆ ಅವರು ಹಾಲು ಹಾಕುವುದನ್ನು ಬಿಡಬಹುದು. ಹಾಲು ತಣ್ಣಗಿಡುವ ಟ್ಯಾಂಕನ್ನೂ ತೂಕದ ಯಂತ್ರವನ್ನೂ ಹೊತ್ತುಕೊಂಡು ಬರಲಾರರು. ಮುಕ್ತ ತಂತ್ರಾಂಶದಲ್ಲಿ ಹಾಗಲ್ಲ. ಹೊರಟವನು ಇಡೀ ಡೇರಿಯನ್ನು ತೆಗೆದುಕೊಂಡು ಹೋಗಬಹುದು. ಆದರೂ ಇದ್ದವರ ಡೇರಿ ಇದ್ದಲ್ಲಿಯೇ ಇರುತ್ತದೆ. ಆದುದರಿಂದ ಇಲ್ಲಿಯ ಸರ್ವಾಧಿಕಾರಿ ಹೆಸರಿಗೆ ಮಾತ್ರ ಸರ್ವಾಧಿಕಾರಿ. ಪ್ರಜೆಗಳೆಲ್ಲರೂ ರಾಜ್ಯದ ಪ್ರತಿಯೊಂದನ್ನು ಬಗಲಲ್ಲಿಟ್ಟುಕೊಂಡು ಹೊರಟುಬಿಡಬಲ್ಲರೆಂಬ ಅರಿವು ಅವನನ್ನು ಹದದಲ್ಲಿಡುತ್ತದೆ. ನಾವು ಕಾಲೇಜಿನಲ್ಲಿ ಪತ್ರ ಬರೆಯಲು ಬಳಸುವ ಲಿಬ್ರೆ ಆಫೀಸ್ ಹುಟ್ಟಿದ್ದು ಹೀಗೆಯೇ. ಓಪನ್ ಆಫೀಸ್ ಎಂಬುದು ಸನ್ ಕಂಪನಿಯ ಆಶ್ರಯದಲ್ಲಿತ್ತು. 2010ರಲ್ಲಿ ಒರಾಕಲ್ ಕಂಪನಿ ಸನ್ನನ್ನು ಕೊಂಡುಕೊಂಡಿತು. ಹೊಸ ಒಡೆಯರ ರೀತಿಯಲ್ಲಿ ನಂಬಿಕೆಯಿಲ್ಲದವರು ಅದೇ ವರ್ಷದ ಸೆಪ್ಟೆಂಬರಿನಲ್ಲಿ ಕವಲೊಡೆದರು. ಮರುವರ್ಷ ಒರಾಕಲ್ ಮೂಲದ್ದನ್ನು ಅಪಾಚೆ ಎಂಬ ಸಂಸ್ಥೆಗೆ ಒಪ್ಪಿಸಿತು. ಆದರೆ ದುಡಿಯುವವರಲ್ಲಿ ಹೆಚ್ಚಿನವರು ಆಗಲೇ ಕವಲಿನ ಕಡೆಗಿದ್ದರು.

ಕವಲೊಡೆಯುವುದು ಸುಲಭವೆಂದು ಮಾತ್ರ ಯಾರೂ ತಿಳಿಯಬಾರದು. ನಕಲು ಮಾಡಲು ನಿಮಿಷಗಳು ಸಾಕು. ಬಂದ ದೋಷಗಳನ್ನು ದಿನದಿನವೂ ತಿದ್ದುತ್ತ ಹೋಗಲು ಜನ ಬೇಕು. ದೇವುಆನ್ ಮೊದಲ ಆವೃತ್ತಿಗೆ ಎರಡೂವರೆ ವರ್ಷ ತೆಗೆದುಕೊಂಡದ್ದನ್ನು ನೆನೆದರೆ ಸಾಕು. ಕೋಪ ಎಷ್ಟು ದೊಡ್ಡದಾದರೂ ಅದು ದುಡಿಮೆಯ ಜಾಗದಲ್ಲಿ ಕುಳಿತುಕೊಳ್ಳಲಾರದು.

ಒಡೆಯನೇ ದಣಿದರೆ ಏನಾಗುತ್ತದೆ ಎಂಬುದಕ್ಕೆ ಪೈಥಾನ್ ಭಾಷೆಯ ಉದಾಹರಣೆಯಿದೆ. ಡಚ್ ದೇಶದ ಗೀಡೋ ವಾನ್ ರಾಸಮ್ ಅವರು 1991ರಲ್ಲಿ ಇದನ್ನು ಹೊರತಂದರು. ಇಪ್ಪತ್ತೇಳು ವರ್ಷ ಕೊನೆಯ ಮಾತು ಅವರದೇ ಆಗಿತ್ತು. ಆಜೀವ ಹಿತಚಿಂತಕ ಸರ್ವಾಧಿಕಾರಿ ಎಂಬ ಬಿರುದು ಮೊದಲು ಪ್ರಸಿದ್ಧವಾದದ್ದೂ ಅವರಿಂದಲೇ. 2018ರಲ್ಲಿ ಭಾಷೆಗೆ ಒಂದು ಹೊಸ ಚಿಹ್ನೆಯನ್ನು ಸೇರಿಸುವ ಸೂಚನೆ ಬಂದಿತು. ಎರಡು ಚುಕ್ಕೆ, ಪಕ್ಕದಲ್ಲಿ ಸಮ ಚಿಹ್ನೆ, ಅಷ್ಟೆ. ವಾಲ್ರಸ್ ಎಂಬ ಕಡಲಪ್ರಾಣಿಯ ಕಣ್ಣು ಕೋರೆಗಳಂತೆ ಕಾಣುವುದರಿಂದ ಅದಕ್ಕೆ ಆ ಪ್ರಾಣಿಯ ಹೆಸರೇ ಬಿದ್ದಿದೆ. ಅದರ ಪರವಿರೋಧಗಳ ಜಗಳ ವಿಪರೀತಕ್ಕೆ ಹೋಯಿತು. ಗೀಡೋ ಅವರು ಚಿಹ್ನೆಯನ್ನು ಅಂಗೀಕರಿಸಿದರು. ಬಳಿಕ ಜುಲೈ 12ರಂದು ಸಂಗಡಿಗರಿಗೆ ಪತ್ರ ಬರೆದು, ಒಂದು ಸೂಚನೆಗಾಗಿ ಇಷ್ಟು ಹೋರಾಡಿ, ಕೊನೆಗೆ ಇಷ್ಟು ಜನರ ತಿರಸ್ಕಾರಕ್ಕೆ ಗುರಿಯಾಗುವುದು ತಮಗಿನ್ನು ಸಾಕೆಂದು ಹೇಳಿ ಸ್ಥಾನ ಬಿಟ್ಟರು. ಉತ್ತರಾಧಿಕಾರಿಯನ್ನು ನೇಮಿಸಲಿಲ್ಲ. ಪ್ರಜಾಪ್ರಭುತ್ವವೋ, ಅರಾಜಕತೆಯೋ, ಇನ್ನೊಬ್ಬ ಸರ್ವಾಧಿಕಾರಿಯೋ, ನೀವೇ ನೋಡಿಕೊಳ್ಳಿ ಎಂದರು. ಗೆದ್ದು ಸೋತವರನ್ನು ಚರಿತ್ರೆಯಲ್ಲಿ ಓದುತ್ತೇವೆ. ಇವರು ತಮ್ಮ ಮಾತು ನಡೆದ ಮೇಲೆ ಎದ್ದು ಹೋದರು. ನನಗೆ ಈ ಇಡೀ ವಿಷಯದಲ್ಲಿ ಮನಸ್ಸಿಗೆ ಬಹಳ ತಟ್ಟಿದ ಸಂಗತಿ ಇದು. ಸಂಬಳವಿಲ್ಲದ ಕೆಲಸಗಾರನು ಬೇಸತ್ತು ಹೋಗುತ್ತಾನೆಂಬುದನ್ನು ನಾವು ಬಲ್ಲೆವು. ಎಲ್ಲರ ಬೈಗುಳವನ್ನೂ ಒಬ್ಬನೇ ತಲೆಯ ಮೇಲೆ ಹೊರುವ ಒಡೆಯನೂ ಬೇಸರುತ್ತಾನೆಂಬುದನ್ನು ಮರೆಯುತ್ತೇವೆ.

ಉಳಿದವರು ಏಳು ಬಗೆಯ ಆಡಳಿತ ಕ್ರಮಗಳನ್ನು ಬರೆದು ತಮ್ಮ ಮುಂದಿಟ್ಟುಕೊಂಡು, ಆ ಡಿಸೆಂಬರಿನಲ್ಲಿ ಅದೇ ಕಾಂಡಾರ್ಸೆಯ ರೀತಿಯಲ್ಲಿ ಓಟು ಹಾಕಿದರು. ಐದು ಮಂದಿಯ ಮಂಡಲಿ ಬಂದಿತು. ಭಾಷೆಯ ಹೊಸ ಆವೃತ್ತಿಯೊಂದು ಬಂದಾಗಲೆಲ್ಲ ಅದಕ್ಕೆ ಚುನಾವಣೆ. ಒಂದೇ ಕಂಪನಿಯ ನೌಕರರು ಇಬ್ಬರಿಗಿಂತ ಹೆಚ್ಚಾಗಿ ಇರಕೂಡದು. ಮಂಡಲಿಗೆ ಅಧಿಕಾರ ವಿಸ್ತಾರವಾಗಿದೆ, ಆದರೆ ಅದನ್ನು ಸಾಧ್ಯವಾದಷ್ಟು ಕಡಿಮೆ ಬಳಸಬೇಕೆಂದೂ, ಓಟಿಗಿಂತ ಒಮ್ಮತವನ್ನು ಹುಡುಕಬೇಕೆಂದೂ ಅವರ ನಿಯಮದಲ್ಲಿಯೇ ಬರೆದಿದೆ. 2019ರ ಮೊದಲ ಮಂಡಲಿಗೆ ಚುನಾಯಿತರಾದ ಐವರಲ್ಲಿ ಗೀಡೋ ಅವರೂ ಒಬ್ಬರು, ಐದರಲ್ಲಿ ಒಂದು ಓಟಿನವರಾಗಿ.

ಗುಂಡಿಯ ಕಥೆ ಅರ್ಧಕ್ಕೆ ನಿಂತಿತು. ಎಡಗಡೆಯ ಗುಂಡಿಗಳೊಡನೆ 2011ರಲ್ಲಿ ಯೂನಿಟಿ ಎಂಬ ಹೊಸ ಪರದೆ ಬಂದಿತು. ಆರು ವರ್ಷ ನಡೆದ ಮೇಲೆ, 2017ರ ಏಪ್ರಿಲಿನಲ್ಲಿ, ಅದನ್ನು ಕೈಬಿಡುವೆವೆಂದು ಷಟಲ್‌ವರ್ತ್ ಅವರೇ ಪ್ರಕಟಿಸಿದರು. ಅಕ್ಟೋಬರಿನ ಆವೃತ್ತಿ ನೋಮ್ ಎಂಬ ಬೇರೆ ಪರದೆಯೊಡನೆ ಬಂದಿತು. ಗುಂಡಿಗಳು ಬಲಕ್ಕೆ ಮರಳಿದುವು. ಇದಕ್ಕೆ ಕಾರಣ ದೂರು ಕೊಟ್ಟವರ ಓಟಲ್ಲ, ಕಂಪನಿಯ ವ್ಯವಹಾರದ ಲೆಕ್ಕ. ನಮ್ಮ ಕೊಠಡಿಯ ಹಳೆಯ ಸಾಲಿನಲ್ಲಿರುವುದು ಆ ಏಳು ವರ್ಷಗಳ ಎಡಗಡೆ.

ಈ ಯಂತ್ರಗಳ ಪರದೆಯನ್ನು ಕನ್ನಡಕ್ಕೆ ತಿರುಗಿಸಿಕೊಳ್ಳಬಹುದು. ಫೈಲ್ ಎಂಬುದಕ್ಕೆ ಕಡತ ಎಂದಿರುವುದನ್ನು ಕಂಡು ಗೆಳೆಯನೊಬ್ಬನು, ಕಚೇರಿಯ ಧೂಳಿನ ವಾಸನೆ ಬರುತ್ತದೆಂದು ನಕ್ಕನು. ಇದನ್ನೂ ಯಾರೋ ಸ್ವಯಂಸೇವಕರು ಕುಳಿತು ಮಾಡಿದ್ದಾರೆ. ನಡುನಡುವೆ ಇಂಗ್ಲಿಷ್ ವಾಕ್ಯಗಳು ಹಾಗೆಯೇ ಉಳಿದಿವೆ. ಕಳೆದ ದಸರೆಯ ರಜೆಯಲ್ಲಿ ನಾನು ಒಂದು ಚಿಕ್ಕ ಕಾರ್ಯಕ್ರಮದ ಹನ್ನೆರಡು ವಾಕ್ಯಗಳನ್ನು ಕನ್ನಡಕ್ಕೆ ತಂದು ಕಳುಹಿಸಿದೆ. ಅದನ್ನು ಪರಿಶೀಲಿಸುವವರು ಹನ್ನೊಂದನ್ನು ಒಪ್ಪಿ ಒಂದನ್ನು ತಿದ್ದಿದರು. ಅಂಡೂ ಎಂಬುದಕ್ಕೆ ನಾನು ಹಿಂದಿನಂತೆ ಮಾಡು ಎಂದಿದ್ದೆ. ಅವರು ರದ್ದುಗೊಳಿಸು ಎಂದು ಬದಲಾಯಿಸಿದರು. ಕ್ಯಾನ್ಸಲ್ ಎಂಬುದಕ್ಕೂ ಅದೇ ಮಾತು ಬರುತ್ತದಲ್ಲ, ಓದುವವರಿಗೆ ಗೊಂದಲವಾಗದೆ ಎಂದು ವಿನಯದಿಂದ ಬರೆದೆ. ನಾಲ್ಕು ದಿನಗಳ ಮೇಲೆ ಉತ್ತರ ಬಂದಿತು. ನೀವು ಹೇಳುವುದು ಸರಿಯಿರಬಹುದು, ಆದರೆ ಹಿಂದಿನ ಅನುವಾದಗಳಲ್ಲೆಲ್ಲ ರದ್ದುಗೊಳಿಸು ಎಂದೇ ಇದೆ, ಒಂದು ಕಡೆ ಮಾತ್ರ ಬದಲಾಯಿಸಲಾಗದು. ಎಲ್ಲ ಕಡೆಯೂ ಹುಡುಕಿ ಬದಲಾಯಿಸಿ ಕೊಡುವುದಾದರೆ ನನ್ನ ಅಡ್ಡಿಯಿಲ್ಲ, ಮಾಡುತ್ತೀರಾ ಎಂದು ಕೇಳಿದ್ದರು. ಎಣಿಸಿ ನೋಡಿದೆ, ನಲವತ್ತೊಂದು ಕಡೆ ಆ ಪದವಿದೆ. ಪರೀಕ್ಷೆ ಮುಗಿದ ಕೂಡಲೆ ಮಾಡಿಕೊಡುತ್ತೇನೆಂದು ಬರೆದಿದ್ದೇನೆ.